ಒಂದು ಗಂಟೆಯ ಪಾಠ

ದಾನಗಳಲ್ಲೆಲ್ಲ ವಿದ್ಯಾದಾನವೇ ದೊಡ್ಡದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಮೇಷ್ಟರಾಗಿ ಅನ್ನ ತಿಂದ ನನಗೆ ಆ ಮಾತನ್ನು ಅಲ್ಲಗಳೆಯುವ ಧೈರ್ಯವಿಲ್ಲ. ಆದರೆ ದಾರಿಹೋಕನೊಬ್ಬನು ನಮ್ಮೂರಿನಲ್ಲಿ ಒಂದು ಗಂಟೆ ನಿಂತು, ನಮ್ಮ ಮಕ್ಕಳಿಗೆ ಒಳ್ಳೆಯ ವಿಷಯವೊಂದನ್ನು ಹೇಳಿಕೊಟ್ಟು, ಮುಂದಿನ ಬಸ್ಸಿಗೆ ಹೊರಟುಹೋದರೆ ಅದು ವಿದ್ಯಾದಾನವಾಯಿತೇ? ಈ ಪ್ರಶ್ನೆ ನನ್ನನ್ನು ಬಹುಕಾಲದಿಂದ ಕಾಡಿದೆ. ಅದಕ್ಕೆ ಕಾರಣ ಹಲ್ಲುಜ್ಜುವ ಬ್ರಷ್ಷು ಎಂದರೆ ನೀವು ನಗಬಹುದು. ನಗಿರಿ, ಆದರೆ ಪೂರ್ತಿ ಕೇಳಿ.

1991ನೆಯ ಇಸವಿ. ನಾನಾಗ ಹನೂರಿನ ಕಡೆಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಉಪಾಧ್ಯಾಯನಾಗಿದ್ದೆ. ಆಗ ಹನೂರು ಕೊಳ್ಳೇಗಾಲ ತಾಲ್ಲೂಕಿಗೆ ಸೇರಿತ್ತು. ಚಾಮರಾಜನಗರ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ದಸರೆಯ ರಜೆ ಮುಗಿದ ಹೊಸತರಲ್ಲಿ ನಾಲ್ವರು ವಿದೇಶೀ ಪ್ರವಾಸಿಗರು ಶಾಲೆಯ ಬಾಗಿಲಿಗೆ ಬಂದರು. ಭರಚುಕ್ಕಿಯ ಜಲಪಾತವನ್ನು ನೋಡಿಕೊಂಡು ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದ ತರುಣ ತರುಣಿಯರು. ಅವರಲ್ಲಿ ಇಬ್ಬರು ದಂತವೈದ್ಯ ವಿದ್ಯಾರ್ಥಿಗಳು. ಸುತ್ತಾಡುವ ನಾಡಿನ ಜನಕ್ಕೆ ಏನಾದರೂ ಸೇವೆ ಸಲ್ಲಿಸಬೇಕೆಂಬುದು ಅವರ ಆಸೆ. ಚೀಲದ ತುಂಬ ಬ್ರಷ್ಷುಗಳನ್ನೂ ಪೇಸ್ಟಿನ ಸಣ್ಣ ಸಣ್ಣ ಟ್ಯೂಬುಗಳನ್ನೂ ತಂದಿದ್ದರು. ಮುಖ್ಯೋಪಾಧ್ಯಾಯರು ಸಂತೋಷದಿಂದ ಒಪ್ಪಿದರು. ಇಂಗ್ಲಿಷು ಅಷ್ಟಿಷ್ಟು ಬರುತ್ತಿದ್ದ ಕಾರಣ ನಾನು ದುಭಾಷಿಯಾದೆ.

ಪಾಠ ಬಲು ಚೆನ್ನಾಗಿ ನಡೆಯಿತು. ಕುಂಬಳಕಾಯಿಯಷ್ಟು ದೊಡ್ಡದಾದ ಹಲ್ಲಿನ ಮಾದರಿ, ಅದಕ್ಕೆ ತಕ್ಕ ಬ್ರಷ್ಷು. ಮಕ್ಕಳಿಗೆ ನಗುವೋ ನಗು. ಬಾಯಿಯೊಳಗಿನ ಸೂಕ್ಷ್ಮಜೀವಿಗಳು ಸಿಹಿಯನ್ನು ತಿಂದು ಆಮ್ಲವನ್ನುಂಟುಮಾಡುತ್ತವೆ, ಆ ಆಮ್ಲವು ಹಲ್ಲಿನ ಮೇಲಿನ ಗಟ್ಟಿ ಹೊದಿಕೆಯನ್ನು ಕರಗಿಸುತ್ತದೆ, ಹೀಗೆ ಕರಗಿ ಹಳ್ಳಬಿದ್ದ ಹೊದಿಕೆ ಮತ್ತೆ ಬೆಳೆಯುವುದಿಲ್ಲ ಎಂದು ಆಕೆ ತಿಳಿಯಾಗಿ ಹೇಳಿದಳು. ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆಹಲ್ಲು ಬಿದ್ದುಹೋಗುವ ಹಲ್ಲಲ್ಲ, ಸಾಯುವವರೆಗೂ ಇರಬೇಕಾದದ್ದು ಎಂಬುದನ್ನು ನಾನೂ ಅಂದೇ ಮೊದಲು ಕೇಳಿದ್ದು. ಹಾಲುಹಲ್ಲೆಂದು ಬಗೆದು ತಂದೆತಾಯಿಗಳು ಅಲಕ್ಷಿಸುವುದು ಹೆಚ್ಚಾಗಿ ಈ ಹಲ್ಲನ್ನೇ. ನನ್ನ ಮಗನಿಗೆ ಆಗ ಏಳು ವರ್ಷ. ಅಂದು ಸಂಜೆ ಮನೆಗೆ ಹೋದವನೇ ಅವನ ಬಾಯಿ ತೆರೆಸಿ ನೋಡಿದೆ.

ನಡುವೆ ಒಂದು ಸಣ್ಣ ಘಟನೆ ನಡೆಯಿತು. ಮನೆಯಲ್ಲಿ ಏನಿನಿಂದ ಹಲ್ಲುಜ್ಜುತ್ತೀರಿ ಎಂದು ಆಕೆ ಕೇಳಿದಾಗ ಕೆಲವರು ಬೂದಿ ಎಂದರು, ಕೆಲವರು ಇದ್ದಿಲು ಎಂದರು. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದುನಿಂತು, ‘ನಮ್ಮಜ್ಜಿ ಹೊಂಗೆ ಕಡ್ಡಿ ಕೊಡ್ತಾರೆ’ ಎಂದಳು. ಅದೆಲ್ಲ ಕೊಳಕು, ಬಿಟ್ಟುಬಿಡಬೇಕು ಎಂದಳು ಆಕೆ. ನಾನು ಅದನ್ನು ಹಾಗೆಯೇ ಕನ್ನಡಕ್ಕೆ ತಿರುಗಿಸಿದೆ. ಹುಡುಗಿ ತಲೆತಗ್ಗಿಸಿ ಕುಳಿತಳು.

ಆಕೆ ಆಡಿದ್ದರಲ್ಲಿ ಅರ್ಧ ನಿಜ. ಬೂದಿ, ಇದ್ದಿಲು, ಇಟ್ಟಿಗೆಪುಡಿಗಳು ಹಲ್ಲಿನ ಹೊದಿಕೆಯನ್ನು ಸವೆಸುತ್ತವೆ. ಅವನ್ನು ಬಿಡುವುದೇ ಲೇಸು. ಆದರೆ ಹೊಂಗೆಯ ಕಡ್ಡಿಯ ಮಾತು ಬೇರೆ. ಚರಕಸಂಹಿತೆಯಲ್ಲಿ ಹಲ್ಲುಜ್ಜಲು ತಕ್ಕ ಮರಗಳನ್ನು ಹೆಸರಿಸುವಾಗ ಮೊದಲು ಬರುವುದೇ ಕರಂಜ, ಅಂದರೆ ನಮ್ಮ ಹೊಂಗೆ. ಕಡ್ಡಿಯ ತುದಿಯನ್ನು ಜಜ್ಜಿ ಮೆದುಮಾಡಿಕೊಳ್ಳಬೇಕು, ದಿನಕ್ಕೆ ಎರಡು ಹೊತ್ತು ಉಜ್ಜಬೇಕು, ಒಸಡಿಗೆ ನೋವಾಗಬಾರದು ಎಂದು ಅಲ್ಲಿ ಹೇಳಿದೆ. ಅಂದು ನಮ್ಮ ಅತಿಥಿಗಳು ಹಲಗೆಯ ಮೇಲೆ ಬರೆದು ತೋರಿಸಿದ ಸೂತ್ರಗಳೂ ಇವೇ! ಅವರ ಕೈಯಲ್ಲಿದ್ದ ನೈಲಾನ್ ಎಳೆಯ ಬ್ರಷ್ಷು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1938ರಲ್ಲಿ. ಅದಕ್ಕೆ ಮುಂಚೆ ಆ ನಾಡುಗಳಲ್ಲಿ ಹಂದಿಯ ಕೂದಲಿನ ಬ್ರಷ್ಷು ಬಳಕೆಯಲ್ಲಿತ್ತು. ಇದನ್ನು ಹೆಮ್ಮೆಪಡಲೆಂದು ಹೇಳುತ್ತಿಲ್ಲ. ಕಡ್ಡಿಯಲ್ಲಿಲ್ಲದ ಗುಣವೊಂದು ಪೇಸ್ಟಿನಲ್ಲಿದೆ. ಅದರಲ್ಲಿ ಬೆರೆಸಿರುವ ಫ್ಲೋರೈಡು ಹಲ್ಲಿನ ಹೊದಿಕೆಯನ್ನು ಬಲಪಡಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅಂಥ ಪೇಸ್ಟನ್ನು ಅತ್ಯಗತ್ಯ ಔಷಧಗಳ ಪಟ್ಟಿಗೇ ಸೇರಿಸಿತು. ಅದೇ ಫ್ಲೋರೈಡು ಕುಡಿಯುವ ನೀರಿನಲ್ಲಿ ಲೀಟರಿಗೆ ಒಂದೂವರೆ ಮಿಲಿಗ್ರಾಮನ್ನು ಮೀರಬಾರದೆಂದು ಅದೇ ಸಂಸ್ಥೆ ಎಚ್ಚರಿಸುತ್ತದೆ. ಮೀರಿದರೆ ಏನಾಗುತ್ತದೆಂಬುದನ್ನು ಪಾವಗಡದ ಕಡೆ ಹೋದವರು ಕಂಡಿದ್ದಾರೆ. ಅಲ್ಲಿ ಎಳೆಯ ಮಕ್ಕಳ ಹಲ್ಲಿನ ಮೇಲೂ ಕಂದು ಕಲೆಗಳು. ಅವು ಉಜ್ಜದೆ ಕಟ್ಟಿದ ಕೊಳೆಯಲ್ಲ, ಕೊಳವೆಬಾವಿಯ ನೀರು ಬರೆದದ್ದು. ಆ ಮಕ್ಕಳ ಮುಂದೆ ನಿಂತು ‘ಚೆನ್ನಾಗಿ ಹಲ್ಲುಜ್ಜಿರಿ’ ಎಂದು ಉಪದೇಶಿಸುವವನು ಮೊದಲು ಊರಿನ ನೀರನ್ನು ವಿಚಾರಿಸಬೇಡವೇ?

ಮೂರು ವಾರ ಕಳೆದ ಮೇಲೆ ತರಗತಿಯಲ್ಲಿ ವಿಚಾರಿಸಿದೆ. ಬ್ರಷ್ಷನ್ನು ಈಗಲೂ ಬಳಸುತ್ತಿದ್ದವರು ಕೆಲವೇ ಮಂದಿ. ಒಬ್ಬನ ಮನೆಯಲ್ಲಿ ಆರು ಜನಕ್ಕೂ ಅದೊಂದೇ ಬ್ರಷ್ಷು. ಇನ್ನೊಬ್ಬನ ತಾಯಿ ಅದನ್ನು ಹೊದಿಕೆಯ ಕಾಗದವನ್ನೂ ಬಿಚ್ಚದೆ ದೇವರ ಗೂಡಿನಲ್ಲಿ ಇಟ್ಟಿದ್ದರು, ಪರದೇಶದ್ದು, ಹಾಳಾಗಬಾರದು ಎಂದು. ಮತ್ತೊಂದು ಮನೆಯಲ್ಲಿ ಅದು ಹೊಲಿಗೆಯಂತ್ರದ ಧೂಳು ತೆಗೆಯುತ್ತಿತ್ತು. ಪೇಸ್ಟನ್ನಂತೂ ತಮ್ಮ ತಂಗಿಯರು ಮಿಠಾಯಿಯಂತೆ ನೆಕ್ಕಿ ನಾಲ್ಕೇ ದಿನದಲ್ಲಿ ಮುಗಿಸಿದ್ದರು. ನಾನು ಸಿಟ್ಟಿನಿಂದ ಗದರಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, ‘ಮುಗಿದ ಮೇಲೆ ಎಲ್ಲಿಂದ ತರೋದು, ಸಾರ್?’ ಎಂದ. ಉದ್ಧಟತನದಿಂದ ಕೇಳಿದ್ದಲ್ಲ. ಅವನ ತಂದೆ ಕಲ್ಲು ಒಡೆಯುವ ಕೂಲಿ. ಟ್ಯೂಬಿಗೆ ಕೊಡುವ ದುಡ್ಡಿನಲ್ಲಿ ಆ ಮನೆಯ ವಾರದ ಉಪ್ಪು ಮೆಣಸಿನಕಾಯಿ ಬರುತ್ತಿತ್ತು.

ಇದಿಷ್ಟೇ ಆಗಿದ್ದರೆ ಆ ದಿನವನ್ನು ನೆನೆದು ನಾನೂ ನಿಮ್ಮೊಡನೆ ನಗುತ್ತಿದ್ದೆ. ಹೇಳದೆ ಉಳಿಸಿದ ಸಂಗತಿಯೊಂದಿದೆ. ಅಂದು ಪಾಠ ಮುಗಿಯುವ ಹೊತ್ತಿಗೆ, ಮೊಮ್ಮಗಳನ್ನು ಕರೆದೊಯ್ಯಲು ಆ ಹೊಂಗೆ ಕಡ್ಡಿಯ ಅಜ್ಜಿ ಶಾಲೆಗೆ ಬಂದಿದ್ದರು. ಅರವತ್ತು ದಾಟಿದ ಜೀವ. ಬಾಯಲ್ಲಿ ಹೆಚ್ಚುಕಡಿಮೆ ಎಲ್ಲ ಹಲ್ಲುಗಳೂ ಇದ್ದವು. ದಂತವೈದ್ಯ ವಿದ್ಯಾರ್ಥಿನಿ ಬೆರಗಾಗಿ, ಬಾಯಿ ತೋರಿಸಿರೆಂದು ಬೇಡಿದಳು. ಅಜ್ಜಿ ನಾಚುತ್ತ, ಕೆನ್ನೆಯಲ್ಲಿ ಒತ್ತಿಕೊಂಡಿದ್ದ ಹೊಗೆಸೊಪ್ಪನ್ನು ಉಗಿದು ಬಾಯಿ ತೆರೆದರು. ನೋಡುತ್ತ ನೋಡುತ್ತ ಆಕೆಯ ಮುಖದ ನಗು ಮಾಯವಾಯಿತು. ಕೆನ್ನೆಯ ಒಳಗೆ, ಹೊಗೆಸೊಪ್ಪು ಕೂರುವ ಜಾಗದಲ್ಲಿಯೇ, ಒಂದು ಬಿಳಿಯ ಮಚ್ಚೆ. ತಿಂಗಳೊಳಗೆ ವೈದ್ಯರಿಗೆ ತೋರಿಸಲೇಬೇಕೆಂದು ಆಕೆ ನನಗೆ ಎರಡು ಸಲ ಹೇಳಿದಳು. ಅಷ್ಟರಲ್ಲಿ ಬಸ್ಸು ಬಂದಿತ್ತು, ಮಕ್ಕಳು ಗದ್ದಲವೆಬ್ಬಿಸುತ್ತಿದ್ದರು. ಮುದುಕಿಯನ್ನು ಹೆದರಿಸುವುದೇಕೆಂದು ನನಗೂ ಅನ್ನಿಸಿತು. ‘ಪೇಟೆ ಕಡೆ ಹೋದಾಗ ಒಂದು ಸಲ ಡಾಕ್ಟರಿಗೆ ತೋರಿಸಿ, ಅಜ್ಜಿ’ ಎಂದಷ್ಟೇ ತಿಳಿಸಿದೆ. ‘ಆಗಲಿ ಬುದ್ಧಿ’ ಎಂದರು ಅವರು.

ಎಲೆ ಅಡಕೆಯ ಜೊತೆಗೆ ಹೊಗೆಸೊಪ್ಪನ್ನು ಜಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂಬುದು ಈಗ ಎಲ್ಲರಿಗೂ ತಿಳಿದ ವಿಷಯ. ಬರಿಯ ಅಡಕೆಯೂ ನಿರಪಾಯವಲ್ಲವೆಂದು ಕ್ಯಾನ್ಸರನ್ನು ಕುರಿತ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ನಮ್ಮ ರಾಜ್ಯ 2013ರಲ್ಲಿ ಗುಟ್ಕಾವನ್ನು ನಿಷೇಧಿಸಿತು. ಬಿಳಿಯ ಮಚ್ಚೆಗಳೆಲ್ಲವೂ ಕ್ಯಾನ್ಸರಾಗುವುದಿಲ್ಲ. ಆದರೆ ಯಾವುದು ಆಗುತ್ತದೆಂಬುದನ್ನು ಕಣ್ಣಳತೆಯಿಂದ ಹೇಳಲಾಗದು. ಅಜ್ಜಿಯದು ಆಯಿತು. ಒಂದೂವರೆ ವರ್ಷದ ಮೇಲೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯುವಾಗ ಅವರಿಗೆ ಗಂಜಿಯನ್ನು ನುಂಗುವುದೂ ಕಷ್ಟವಾಗಿತ್ತು. ಅವರು ಮತ್ತೆ ಊರಿಗೆ ಬರಲಿಲ್ಲ. ಮೊಮ್ಮಗಳು ಹತ್ತನೆಯ ತರಗತಿಯ ನಡುವೆಯೇ ಶಾಲೆ ಬಿಟ್ಟಳು.

ಯಾರನ್ನು ದೂರೋಣ? ಆ ಪರದೇಶದ ಹೆಣ್ಣುಮಗಳನ್ನೇ? ನಮ್ಮಲ್ಲಿ ಯಾರೂ ಕಾಣದಿದ್ದುದನ್ನು ಕಂಡವಳು ಅವಳೊಬ್ಬಳೇ. ಹೊರಗಿನವರು ಬಂದು ನಮಗೇನು ಕಲಿಸಬೇಕು ಎಂದು ಮೂಗುಮುರಿಯುವವರ ಜೊತೆ ನಾನು ಸೇರದಿರುವುದು ಈ ಕಾರಣಕ್ಕೆ. ಅವಳ ತಿಳಿವಳಿಕೆ ನಿಜವಾದದ್ದು. ಅದು ನಮಗೆ ಬೇಕಾಗಿಯೂ ಇತ್ತು. ಆದರೆ ಅವಳಿಗೆ ಒಂದು ಗಂಟೆಯಷ್ಟೇ ಇತ್ತು. ಆ ಗಂಟೆಯನ್ನು ಇನ್ನೂರು ಬ್ರಷ್ಷು ಹಂಚುವುದಕ್ಕೆ ವ್ಯಯಮಾಡುವ ಬದಲು, ಮರುದಿನವೂ ಅಲ್ಲಿಯೇ ಇರುವ ನಾವು ಏಳೆಂಟು ಮಂದಿ ಉಪಾಧ್ಯಾಯರನ್ನು ಕೂರಿಸಿಕೊಂಡು, ಬಾಯಿಯನ್ನು ನೋಡುವುದು ಹೇಗೆ, ಯಾವ ಮಚ್ಚೆಗೆ ಹೆದರಬೇಕು ಎಂಬುದನ್ನು ಕಲಿಸಿದ್ದರೆ? ಬೇಡ, ‘ಈ ಅಜ್ಜಿಯನ್ನು ಯಾರು, ಯಾವ ದಿನ ಆಸ್ಪತ್ರೆಗೆ ಕರೆದೊಯ್ಯುತ್ತೀರಿ?’ ಎಂದೊಂದು ಪ್ರಶ್ನೆ ಕೇಳಿ, ಉತ್ತರ ಪಡೆದ ಮೇಲೆ ಬಸ್ಸು ಹತ್ತಿದ್ದರೆ? ಅವಳು ಕೇಳಬೇಕಾಗಿತ್ತೆನ್ನುವುದಕ್ಕಿಂತ, ಕೇಳಿಸಿಕೊಳ್ಳದೆಯೇ ನಾನು ಮಾಡಬೇಕಾಗಿತ್ತೆನ್ನುವುದು ಹೆಚ್ಚು ಸರಿ. ಹಲ್ಲಿನ ಪಾಠ ವಿಜ್ಞಾನದ ಮೇಷ್ಟರದೆಂದು ಕನ್ನಡದ ಮೇಷ್ಟರಾದ ನಾನು ಸುಮ್ಮನಿದ್ದೆ.

ನೆಲೆನಿಂತು ಮಾಡುವ ಕೆಲಸ ಹೇಗಿರುತ್ತದೆಂಬುದನ್ನು ನೋಡಲು ನಾವು ದೂರ ಹೋಗಬೇಕಾದ್ದಿಲ್ಲ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟಕ್ಕೆ ಬಂದ ವೈದ್ಯ ಎಚ್. ಸುದರ್ಶನ್ ಅವರು ಸೋಲಿಗರ ನಡುವೆ ಉಳಿದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಆಸ್ಪತ್ರೆಯ ಜೊತೆಗೆ ಶಾಲೆಯೂ ಬೆಳೆಯಿತು. 1986ರಲ್ಲಿ ಅವರು ಕಟ್ಟಿದ ಕರುಣಾ ಟ್ರಸ್ಟ್ ಯಳಂದೂರು ತಾಲ್ಲೂಕಿನ ಕುಷ್ಠರೋಗದ ವಿರುದ್ಧ ನಿಂತಿತು. ಕುಷ್ಠವೆಂದರೆ ತಿಂಗಳುಗಟ್ಟಲೆ ತಪ್ಪದೆ ಮಾತ್ರೆ ನುಂಗಬೇಕಾದ ಕಾಯಿಲೆ. ಒಂದು ದಿನ ಬಂದು ಮಾತ್ರೆ ಹಂಚಿಹೋಗುವವರಿಂದ ವಾಸಿಯಾಗುವಂಥದಲ್ಲ. ಮಾತ್ರೆ ನುಂಗಿದೆಯಾ ಎಂದು ಮನೆಬಾಗಿಲಿಗೆ ಹೋಗಿ ಕೇಳುವವರು ಬೇಕು. 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಸುವ ಹೊಣೆಯನ್ನೂ ಆ ಸಂಸ್ಥೆ ಹೊತ್ತಿತು. ಸುದರ್ಶನ್ ಅವರಿಗೆ 1994ರಲ್ಲಿ ಸ್ವೀಡನ್ನಿನಿಂದ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದಾಗ ನಮ್ಮ ಕಡೆಯವರೆಲ್ಲ ಹಿಗ್ಗಿದೆವು. ಪ್ರಶಸ್ತಿಗಿಂತಲೂ ಅವರು ಅಷ್ಟು ಕಾಲ ಅಲ್ಲಿ ಉಳಿದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಎಲ್ಲರೂ ಹಾಗೆ ಉಳಿಯಬೇಕೆಂದರೆ ಅದು ಆಗದ ಮಾತು. ಪ್ರವಾಸಿ ಪ್ರವಾಸಿಯೇ, ಅವನಿಗೆ ಹಿಂತಿರುಗುವ ಟಿಕೇಟು ಇರುತ್ತದೆ. ಇರಲಿ. ತಾನು ಹೋದ ಮೇಲೆ ಉಳಿಯುವವರಾರು ಎಂಬುದನ್ನು ಅವನು ಹುಡುಕಿದರೆ ಸಾಕು. ಅಜ್ಜಿ ತೀರಿಕೊಂಡ ಮೇಲೆ, ಬಹಳ ತಡವಾಗಿ, ನಮ್ಮ ಶಾಲೆಯಲ್ಲಿ ನಾವೂ ಏನನ್ನೋ ಆರಂಭಿಸಿದೆವು. ಬುತ್ತಿ ಉಂಡ ಮೇಲೆ ಎಲ್ಲರೂ ತೊಟ್ಟಿಯ ಬಳಿ ಸಾಲಾಗಿ ನಿಂತು ಬಾಯಿ ಮುಕ್ಕಳಿಸಬೇಕು. ಸೋಮವಾರ ಪ್ರಾರ್ಥನೆಯಾದ ಬಳಿಕ ಹೊಂಗೆಯದೋ ಬೇವಿನದೋ ಕಡ್ಡಿ, ಕೊಳ್ಳಬಲ್ಲವರಿಗೆ ಬ್ರಷ್ಷು. ಮನೆಯಲ್ಲಿ ಹೊಗೆಸೊಪ್ಪು ಹಾಕುವ ಹಿರಿಯರ ಬಾಯಲ್ಲಿ ಮಚ್ಚೆಯೋ ಮಾಯದ ಹುಣ್ಣೋ ಕಂಡರೆ ಮಕ್ಕಳು ನಮಗೆ ಬಂದು ಹೇಳಬೇಕು. ಹೇಳಿದವರ ಹೆಸರನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು, ಕೊಳ್ಳೇಗಾಲದ ಆಸ್ಪತ್ರೆಗೆ ಹೋಗಿಬಂದರೇ ಎಂದು ವಿಚಾರಿಸುವ ಕೆಲಸ ನನ್ನದು. ನಾನು ವರ್ಗವಾಗಿ ಹೋಗುವಾಗ ಆ ಪುಸ್ತಕವನ್ನು ವಿಜ್ಞಾನದ ಮೇಷ್ಟರಿಗೆ ಒಪ್ಪಿಸಿದೆ.

ಈಗ ಕಾಲ ತಿರುಗಿದೆ. ಕೊಳ್ಳೇಗಾಲದ ಮಕ್ಕಳೇ ವಿಮಾನ ಹತ್ತಿ ಪರದೇಶಗಳಿಗೆ ಹೋಗುತ್ತಿದ್ದಾರೆ. ಕಳೆದ ಯುಗಾದಿಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ದಂತವೈದ್ಯಳಾಗಿ ಬೆಂಗಳೂರಿನಲ್ಲಿದ್ದಾಳೆ. ರಜೆಯಲ್ಲಿ ಪೂರ್ವ ಆಫ್ರಿಕಕ್ಕೆ ಪ್ರವಾಸ ಹೋಗುವವಳು, ಅಲ್ಲಿಯ ಹಳ್ಳಿಯೊಂದರ ಶಾಲೆಯಲ್ಲಿ ಎರಡು ದಿನ ಹಲ್ಲಿನ ಪಾಠ ಮಾಡುವುದೆಂದು ಗೊತ್ತುಮಾಡಿಕೊಂಡಿದ್ದಾಳೆ. ‘ಎಷ್ಟು ಬ್ರಷ್ಷು ತೆಗೆದುಕೊಂಡು ಹೋಗಲಿ, ಸಾರ್?’ ಎಂದು ಕೇಳಿದಳು. ‘ಆ ಶಾಲೆಯಲ್ಲಿ ಮೇಷ್ಟರುಗಳು ಎಷ್ಟು ಜನ ಇದ್ದಾರಮ್ಮ? ಅಲ್ಲಿಯವರು ಯಾವ ಮರದ ಕಡ್ಡಿ ಅಗಿಯುತ್ತಾರೆ?’ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಗೊತ್ತಿಲ್ಲವೆಂದಳು. ಹೊರಡುವುದಕ್ಕೆ ಮೊದಲು ಪತ್ರ ಬರೆದು ವಿಚಾರಿಸುವೆನೆಂದು ಎದ್ದಳು.