ಮುರ್ಕೊಂಡ ದುಡ್ಡು ನಿಮ್ದೇ ಕಣ್ರೋ

ಅಮೆರಿಕದಲ್ಲಿ ದುಡೀತಾ ಓದ್ತಿರೋ ಗೆಳೆಯರೇ, ‘ನಾನ್‌ರಿಫಂಡಬಲ್ ಕ್ರೆಡಿಟ್ ಅಂದ್ರೆ ರಿಫಂಡೇ ಬರಲ್ಲ’ ಅಂತ ಕೈಬಿಡಬೇಡಿ. ಆ ಹೆಸರೇ ದಾರಿ ತಪ್ಪಿಸುತ್ತೆ.

ಲೆಕ್ಕ ನೋಡಿ. ವರ್ಷದ ಫೆಡರಲ್ ಇನ್‌ಕಮ್ ಟ್ಯಾಕ್ಸ್ 1,500 ಡಾಲರ್, ನಿಮಗೆ ಸಿಗೋ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ 2,000 ಅಂದ್ಕೊಳ್ಳಿ. ಟ್ಯಾಕ್ಸ್ ಸೊನ್ನೆ. ಮಿಕ್ಕ 500 ಕೈಗೆ ಬರಲ್ಲ, ನಿಜ. ಆದರೆ ಸಂಬಳದಲ್ಲಿ ಇನ್‌ಕಮ್ ಟ್ಯಾಕ್ಸ್ ಅಂತ ಮುರ್ಕೊಂಡ 1,200 ಇದ್ಯಲ್ಲ, ರಿಟರ್ನ್ ಫೈಲ್ ಮಾಡಿದ್ರೆ ಅದು ಪೂರ್ತಿ ವಾಪಸ್! ಅದು ನೀವು ಮುಂಗಡವಾಗಿ ಕಟ್ಟಿದ ದುಡ್ಡು. ಸೋಶಿಯಲ್ ಸೆಕ್ಯುರಿಟಿ, ಮೆಡಿಕೇರ್‌ಗೆ ಹೋದದ್ದು ಮಾತ್ರ ಈ ಲೆಕ್ಕಕ್ಕೆ ಬರಲ್ಲ.

(ಎಫ್-1ನ ನಾನ್‌ರೆಸಿಡೆಂಟ್‌ಗಳಿಗೆ ಸಾಮಾನ್ಯವಾಗಿ ಈ ಕ್ರೆಡಿಟ್ ಇಲ್ಲ. ಮೊದಲು ಅದನ್ನ ನೋಡ್ಕೊಳ್ಳಿ.)

ನನ್ನ ಕೇಳಿದ್ರೆ, ದೊಡ್ಡ ರಿಫಂಡ್ ಬಂತು ಅಂತ ಕುಣಿಯೋದೂ ತಪ್ಪು. ಅದು ಸರ್ಕಾರಕ್ಕೆ ನೀವು ಕೊಟ್ಟ ಬಡ್ಡಿಯಿಲ್ಲದ ಸಾಲ. ಕ್ರೆಡಿಟ್ ಖಚಿತ ಇದ್ರೆ ಡಬ್ಲ್ಯು-4ರ 3ನೇ ಹಂತದಲ್ಲಿ ಬರೀರಿ, ಸಂಬಳದಲ್ಲೇ ಸಿಗುತ್ತೆ. ಬಾಡಿಗೆ ಕಟ್ಟೋದು ಈ ತಿಂಗಳು ತಾನೇ?