ಬಾಲ ಡೊಂಕಾದರೇನು, ಬುದ್ಧಿ ನೆಟ್ಟಗಿದೆ!

ಮಕ್ಕಳ ಹಠಕ್ಕೆ ಮಣಿದು ಮನೆಗೊಂದು ನಾಯಿಮರಿ ತಂದಿದ್ದೀರಾ? ಮೊದಲೆರಡು ದಿನ ಎಲ್ಲರಿಗೂ ಸಂಭ್ರಮ. ಹೆಸರಿಡುವುದೇನು, ಎತ್ತಿ ಮುದ್ದಾಡುವುದೇನು, ಫೋಟೊ ತೆಗೆಯುವುದೇನು! ಮೂರನೇ ದಿನದಿಂದ ಶುರು ನೋಡಿ. ಸೋಫಾ ಪಕ್ಕ ಒಂದು, ದೇವರ ಮನೆ ಬಾಗಿಲಲ್ಲಿ ಇನ್ನೊಂದು. 'ಅಮ್ಮಾ, ಟಾಮಿ ಇಲ್ಲಿ ಸುಸು ಮಾಡಿದೆ' ಅಂತ ಕೂಗೋದಕ್ಕೆ ಎಲ್ಲರೂ ಇದ್ದಾರೆ, ಒರೆಸುವ ಬಟ್ಟೆ ಹಿಡಿದು ಓಡೋದಕ್ಕೆ ಮಾತ್ರ ನೀವೊಬ್ಬರೇ! ವಾರ ಕಳೆಯುವಷ್ಟರಲ್ಲಿ 'ನಾಯಿ ಬಾಲ ಡೊಂಕೇ, ಇದಕ್ಕೆ ಬುದ್ಧಿ ಬರಲ್ಲ, ಯಾರಿಗಾದ್ರೂ ಕೊಟ್ಬಿಡೋಣ' ಎಂಬ ಮಾತು ಬರುತ್ತದೆ. ತಗೊಳ್ಳುವವರು ಸಿಗದಿದ್ದರೆ ಆ ಮರಿಯ ಪಾಲಿಗೆ ಉಳಿಯುವುದು ಬೀದಿಯೇ.

ಆ ನಿರ್ಧಾರಕ್ಕೆ ಬರುವ ಮುನ್ನ ಸ್ವಲ್ಪ ತಾಳಿ. ಮರಿ ನಿಮ್ಮ ಮೇಲಿನ ಸಿಟ್ಟಿಗೆ ಹೀಗೆ ಮಾಡುತ್ತಿಲ್ಲ. ಎರಡು ತಿಂಗಳ ಮರಿಗೆ ಮೂತ್ರ ತಡೆದುಕೊಳ್ಳುವ ಶಕ್ತಿಯೇ ಪೂರ್ತಿ ಬಂದಿರುವುದಿಲ್ಲ. ಎಷ್ಟು ತಿಂಗಳ ಮರಿಯೋ ಹೆಚ್ಚುಕಮ್ಮಿ ಅಷ್ಟು ಗಂಟೆ ತಡೆದೀತು ಎಂಬುದು ರೂಢಿಯ ಲೆಕ್ಕ. ಓಡಾಡಿ ಆಡುವಾಗ ಅಷ್ಟೂ ಇಲ್ಲ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಹಿಡಿತ ಬರುತ್ತದೆ. ನಮ್ಮ ಮಕ್ಕಳು ಎರಡು ವರ್ಷ ಚಡ್ಡಿ ಒದ್ದೆ ಮಾಡಿಕೊಂಡಾಗ ಬುದ್ಧಿಯಿಲ್ಲ ಅಂದಿದ್ದೆವೇ?

ನಿಜ ಹೇಳಬೇಕೆಂದರೆ, ಇಲ್ಲಿ ಶಿಸ್ತು ಕಲಿಯಬೇಕಾದ್ದು ಮರಿಗಿಂತ ಮೊದಲು ಮನೆಯವರು. ಮರಿಗೆ ನಾಲ್ಕು ಹೊತ್ತು ಖಚಿತ: ನಿದ್ದೆಯಿಂದ ಎದ್ದ ಕೂಡಲೇ, ಊಟವಾಗಿ ಐದರಿಂದ ಮೂವತ್ತು ನಿಮಿಷದೊಳಗೆ, ಆಟದ ನಡುವೆ ಮತ್ತು ರಾತ್ರಿ ಮಲಗುವ ಮುನ್ನ. ನೆಲ ಮೂಸುತ್ತಾ ಸುತ್ತು ಹೊಡೆಯಲು ಶುರುವಿಟ್ಟರೆ ತಡಮಾಡಬೇಡಿ. ಎತ್ತಿಕೊಂಡು ದಿನಾ ಒಂದೇ ಜಾಗಕ್ಕೆ ಒಯ್ಯಿರಿ. ಕೆಲಸ ಮುಗಿಸಿದ ಕ್ಷಣವೇ 'ಜಾಣ' ಎಂದು ತಲೆ ಸವರಿ, ಒಂದು ಚೂರು ತಿಂಡಿ ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಯಾವುದಕ್ಕೆ ಸಿಕ್ಕಿತು ಎಂದೇ ಅದಕ್ಕೆ ಗೊತ್ತಾಗದು. ತಟ್ಟೆಯನ್ನು ದಿನವಿಡೀ ಮುಂದಿಡದೆ ಹೊತ್ತು ಹೊತ್ತಿಗೆ ಊಟ ಕೊಟ್ಟರೆ, ಹೊರಗೆ ಹೋಗುವುದೂ ಹೊತ್ತಿಗೆ ಸರಿಯಾಗುತ್ತದೆ. ನೀರು ಮಾತ್ರ ಸದಾ ಇರಲಿ.

'ನಮ್ಮದು ಮೂರನೇ ಮಹಡಿಯ ಫ್ಲ್ಯಾಟು, ಏನು ಮಾಡೋಣ?' ಎನ್ನುತ್ತೀರಾ? ಲಸಿಕೆಗಳೆಲ್ಲ ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳವರೆಗೆ, ಬೀದಿನಾಯಿಗಳು ಓಡಾಡುವ ಜಾಗಕ್ಕೆ ಮರಿಯನ್ನು ಇಳಿಸದಿರುವುದೇ ಕ್ಷೇಮ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು. ಅಲ್ಲಿಯವರೆಗೆ ಬಾಲ್ಕನಿಯ ಮೂಲೆಯಲ್ಲಿ ಹಳೇ ಪೇಪರ್ ಹಾಸಿ, ಇಲ್ಲವೇ ಅಗಲದ ಟ್ರೇನಲ್ಲಿ ಹುಲ್ಲುಮಣ್ಣು ತುಂಬಿಡಿ. ಪೇಪರ್ ಅಭ್ಯಾಸವಾದರೆ ಯಜಮಾನರು ಓದಿ ನೆಲದ ಮೇಲೆ ಬಿಟ್ಟ ಪೇಪರ್ ಕೂಡ ಅದಕ್ಕೆ ಒಂದೇ ಲೆಕ್ಕ, ಅವರಿಗೆ ಎಚ್ಚರಿಕೆ ಕೊಟ್ಟಿರಿ!

ಇನ್ನು ಮೂಗು ಉಜ್ಜುವ ವಿಷಯ. ಗಲೀಜು ಮಾಡಿದ ಜಾಗಕ್ಕೆ ಎಳೆದು ತಂದು, ಮೂತಿ ಒತ್ತಿ ಎರಡೇಟು ಹಾಕಿದರೆ ಕಲಿಯುತ್ತದೆ ಎಂದು ಹೇಳುವವರು ಈಗಲೂ ಇದ್ದಾರೆ. ದಯವಿಟ್ಟು ಕೇಳಬೇಡಿ. ಅದು ಕಲಿಯುವುದು ಒಂದೇ ಪಾಠ: ಇವರ ಕಣ್ಣೆದುರು ಮಾಡಬಾರದು. ಆಮೇಲೆ ಮಂಚದ ಕೆಳಗೆ, ಬೀರು ಹಿಂದೆ ನೀವೇ ಹುಡುಕಬೇಕಾಗುತ್ತದೆ. ಹೊಡೆದು ಹಿಂಸಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಒರೆಸುವಾಗಲೂ ಉಪಾಯ ಬೇಕು. ಫಿನಾಯಿಲ್ ವಾಸನೆ ನಮಗೆ ಸ್ವಚ್ಛ ಅನ್ನಿಸಬಹುದು, ಆದರೆ ಅದರಡಿಯ ಹಳೆಯ ವಾಸನೆ ನಾಯಿಮೂಗಿಗೆ ಸಿಕ್ಕೇ ಸಿಗುತ್ತದೆ. ಮತ್ತೆ ಅಲ್ಲೇ ಹೋಗುತ್ತದೆ. ಮರಿ ನೆಲ ನೆಕ್ಕುವುದರಿಂದ ಫಿನಾಯಿಲ್ ಅಪಾಯವೂ ಹೌದು. ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುವ ಎನ್‌ಜೈಮ್ ಇರುವ ಕ್ಲೀನರ್ ಒಳ್ಳೆಯದು. ಅದಿಲ್ಲವಾದರೆ ನೀರು ಬೆರೆಸಿದ ಬಿಳಿ ವಿನೆಗರ್ ಸಾಕು.

ನೆನಪಿರಲಿ:
* ಎಂಟು ವಾರ ತುಂಬದ ಮರಿ ಕೊಳ್ಳಬೇಡಿ. 2017ರ ನಿಯಮಗಳ ಪ್ರಕಾರ ಅಂಥದ್ದನ್ನು ಮಾರುವಂತಿಲ್ಲ.
* ಕಲಿತ ಮರಿ ಇದ್ದಕ್ಕಿದ್ದಂತೆ ಪದೇ ಪದೇ ಮನೆಯೊಳಗೆ ಮಾಡಿದರೆ ಗದರಬೇಡಿ. ಮೂತ್ರದ ಸೋಂಕಿರಬಹುದು, ಪಶುವೈದ್ಯರಿಗೆ ತೋರಿಸಿ.

ಕೊನೆಯದಾಗಿ, ನಿಮಗೇ ಒಂದು ಮಾತು. ಮರಿ ಬೇಕು ಅಂದವರು ಅದರ ಪಾಳಿಗೂ ಒಪ್ಪಬೇಕು. 'ರೀ, ಬೆಳಗ್ಗೆ ಆರರದು ನಿಮ್ಮದು' ಎಂದು ಹೇಳಲು ಸಂಕೋಚ ಏಕೆ? ಶಾಲೆಯಿಂದ ಬಂದ ಮೇಲೆ ಮಕ್ಕಳದು, ಮಧ್ಯಾಹ್ನದ್ದು ನಿಮ್ಮದು. ಫ್ರಿಜ್ ಬಾಗಿಲಿಗೆ ಚೀಟಿ ಅಂಟಿಸಿಬಿಡಿ. ಎಲ್ಲ ಹೊರೆ ನಿಮ್ಮ ಮೇಲೇ ಬಿದ್ದರೆ ಸಿಟ್ಟು ಯಜಮಾನರ ಮೇಲೂ ಅಲ್ಲ, ಮಕ್ಕಳ ಮೇಲೂ ಅಲ್ಲ, ಆ ಮೂಕಪ್ರಾಣಿಯ ಮೇಲೆ ತಿರುಗುತ್ತದೆ. ಕೆಲವು ತಿಂಗಳ ತಾಳ್ಮೆ ಹಂಚಿಕೊಂಡರೆ ಮುಂದೆ ಹತ್ತು ಹನ್ನೆರಡು ವರ್ಷ ಬಾಗಿಲಲ್ಲಿ ಬಾಲ ಆಡಿಸುತ್ತಾ ನಿಮಗಾಗಿ ಕಾಯುವ ಜೀವ ಅದು. ಬಾಲ ಡೊಂಕಾಗಿದ್ದರೆ ಇರಲಿ ಬಿಡಿ!