ಇಂಜಿನ್ ನಿಲ್ಲುವುದು ಕಡಲಲ್ಲಿ, ಮೆಕ್ಯಾನಿಕ್ ಇರುವುದು ದಡದಲ್ಲಿ

ಆಗಸ್ಟ್ ಬಂತೆಂದರೆ ಕರಾವಳಿಯಿಂದ ನಾವು ಕಳಿಸುವ ಸುದ್ದಿಯಲ್ಲಿ ಒಂದು ಖಾಯಂ: ಇಂಜಿನ್ ಕೆಟ್ಟು ಬೋಟು ಸಂಕಷ್ಟದಲ್ಲಿ, ಇನ್ನೊಂದು ಬೋಟು ಎಳೆದು ತಂದಿತು. ಮೂರು ಸಾಲಿನ ಸುದ್ದಿ. ಇಂಜಿನ್ ಯಾಕೆ ನಿಂತಿತು ಎನ್ನುವುದಕ್ಕೆ ಅದರಲ್ಲಿ ಜಾಗ ಇರುವುದಿಲ್ಲ.

ಎಷ್ಟೋ ಸಲ ಇಂಜಿನ್ ಕೆಟ್ಟಿರುವುದೇ ಇಲ್ಲ, ಅದಕ್ಕೆ ಡೀಸೆಲ್ ಮುಟ್ಟಿರುವುದಿಲ್ಲ ಅಷ್ಟೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ಬೋಟು ಕಟ್ಟಿಹಾಕಿದ್ದಾಗ ಟ್ಯಾಂಕ್ ಅರ್ಧ ಖಾಲಿ ಇದ್ದರೆ ಮಳೆಗಾಲದ ತೇವ ಒಳಗೋಡೆಯಲ್ಲಿ ಬೆವರಿನಂತೆ ಕಟ್ಟಿ ತಳಕ್ಕಿಳಿಯುತ್ತದೆ. ನೀರು ಡೀಸೆಲ್‌ಗಿಂತ ಭಾರ. ಎರಡೂ ಸೇರುವಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆ ಕಟ್ಟುತ್ತದೆ. ಜೆಟ್ಟಿಯಲ್ಲಿ ಸ್ಟಾರ್ಟ್ ಮಾಡಿ ನೋಡಿದರೆ ಎಲ್ಲ ಸರಿ. ಅಳಿವೆಯ ತೆರೆಗೆ ಬೋಟು ಕುಲುಕಿದಾಗ ತಳದ ಕೊಳೆ ಮೇಲೆದ್ದು ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಅಂದರೆ ಇಂಜಿನ್ ಬೇಕೇಬೇಕಾದ ಜಾಗದಲ್ಲೇ ಅದು ಕೈಕೊಡುವುದು.

ಇಂಜಿನ್ ಹೇಗೆ ನಿಂತಿತು ಎಂಬುದನ್ನು ಗಮನಿಸಿದರೆ ಅರ್ಧ ಉತ್ತರ ಸಿಗುತ್ತದೆ. ಲೋಡ್ ಕೊಟ್ಟಾಗ ಶಕ್ತಿ ಕುಂದುತ್ತಾ ನಿಂತರೆ ಮೊದಲು ಫಿಲ್ಟರ್ ನೋಡಿ. ಸ್ವಲ್ಪ ಹೊತ್ತು ಓಡಿ ನಿಂತು, ಆಮೇಲೆ ಮತ್ತೆ ಸ್ಟಾರ್ಟ್ ಆಗುತ್ತಿದ್ದರೆ ಟ್ಯಾಂಕಿನ ಮುಚ್ಚಳ ಬಿಚ್ಚಿ. ಬುಸ್ಸೆಂದು ಗಾಳಿ ಎಳೆದುಕೊಂಡರೆ ಗಾಳಿಕೊಳವೆ ಕಟ್ಟಿದೆ ಎಂದರ್ಥ. ಫಿಲ್ಟರ್ ಬದಲಿಸಿದ ಮೇಲೂ ಸ್ಟಾರ್ಟ್ ಆಗದಿದ್ದರೆ ಒಳಗೆ ಏರ್ ಸೇರಿರುತ್ತದೆ. ಡೀಸೆಲ್ ಪಂಪ್‌ಸೆಟ್ ಇಟ್ಟ ರೈತರಿಗೆ ಇದು ಹೊಸದಲ್ಲ. ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಕೈಪಂಪ್ ಒತ್ತುತ್ತಾ ನೊರೆ ಹೋಗಿ ಬರೀ ಡೀಸೆಲ್ ಬರುವವರೆಗೆ ಬಿಟ್ಟು, ಪಂಪ್ ಒತ್ತುತ್ತಿರುವಾಗಲೇ ಬಿಗಿ ಮಾಡಬೇಕು. ಆಮೇಲೆ ಇಂಜೆಕ್ಷನ್ ಪಂಪ್‌ನ ಸ್ಕ್ರೂವಿಗೂ ಹಾಗೆಯೇ. ಹೊಸ ಕಂಪ್ಯೂಟರ್ ಇಂಜಿನ್‌ಗಳಲ್ಲಿ ಮಾತ್ರ ಇಂಜೆಕ್ಟರ್ ಪೈಪಿನ ನಟ್ ಮುಟ್ಟಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಹೋಗುತ್ತದೆ.

ಇಷ್ಟು ಕೆಲಸ ಬೋಟಿನಲ್ಲಿ ಎಷ್ಟು ಜನರಿಗೆ ಗೊತ್ತು? ಹೆಚ್ಚೆಂದರೆ ತಾಂಡೇಲನೊಬ್ಬನಿಗೆ. ಅಲೆ ಹೊಡೆಯುವಾಗ ಅವನು ಚುಕ್ಕಾಣಿ ಬಿಟ್ಟು ಇಂಜಿನ್ ಕೋಣೆಗೆ ಇಳಿಯುವುದೆಂತು? ಕಲಾಸಿಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದವರು ಬಹಳ. ಅವರಿಗೆ ಬಲೆ ಎಳೆಯಲು ಕಲಿಸುತ್ತೇವೆ, ಏರ್ ತೆಗೆಯಲು ಕಲಿಸುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಜಿಪಿಎಸ್, ಫಿಶ್ ಫೈಂಡರ್ ಹಾಕಿಸುವ ಮಾಲೀಕರೂ ಎರಡನೇ ಫಿಲ್ಟರ್ ಕೇಳಿದರೆ ‘ಇದ್ದದ್ದೇ ಚೆನ್ನಾಗಿದೆಯಲ್ಲ ಮಾರಾಯ’ ಎನ್ನುತ್ತಾರೆ.

ಬಂಕಿನ ಡೀಸೆಲ್ಲೇ ಸರಿಯಿಲ್ಲ ಎಂಬ ದೂರು ಬಂದರಿನಲ್ಲಿ ಯಾವಾಗಲೂ ಇರುತ್ತದೆ. ಇರಬಹುದು. ಹಾಗಾದರೆ ತುಂಬಿಸುವಾಗಲೇ ಒಂದು ಗಾಜಿನ ಬಾಟಲಿಯಲ್ಲಿ ಹಿಡಿದಿಡಿ. ನೀರಿದ್ದರೆ ಸ್ವಲ್ಪ ಹೊತ್ತಿಗೆ ತಳದಲ್ಲಿ ಬೇರೆ ನಿಲ್ಲುತ್ತದೆ. ಬಾಟಲಿ ಕೈಯಲ್ಲಿದ್ದರೆ ಜಗಳಕ್ಕೂ ಆಧಾರ.

ನಮ್ಮ ಒತ್ತಾಯ ಇಷ್ಟೇ. ಜುಲೈ ಕೊನೆಯ ವಾರ ಮೀನುಗಾರಿಕೆ ಇಲಾಖೆ ಲೈಫ್ ಜಾಕೆಟ್ ಎಣಿಸುವಂತೆಯೇ ಎರಡು ಸ್ಪೇರ್ ಫಿಲ್ಟರನ್ನೂ ಎಣಿಸಲಿ, ಟ್ಯಾಂಕಿನ ತಳದ ನೀರು ಬಸಿಯುವುದನ್ನು ಕಣ್ಣಾರೆ ನೋಡಲಿ. ತಾಂಡೇಲನನ್ನು ಬಿಟ್ಟು ಇಬ್ಬರು ಕಲಾಸಿಗಳು ಜೆಟ್ಟಿಯಲ್ಲೇ ಏರ್ ತೆಗೆದು ಇಂಜಿನ್ ಸ್ಟಾರ್ಟ್ ಮಾಡಿ ತೋರಿಸಿದ ಮೇಲೆ ಹಗ್ಗ ಬಿಚ್ಚಲಿ.